ಕಬ್ಬಿಣದ ಕಂಬಕ್ಕೆ ಬಿಗಿದ ವೈರು

ಶಾರದಕ್ಕಾ, ನಿಮ್ಮ ಬಲಗೈ ಹಾಳಾದದ್ದು ನಿಮ್ಮ ತಪ್ಪಿನಿಂದ ಅಲ್ಲ. ನನ್ನಿಂದ. ಆರು ವರ್ಷದಿಂದ ಈ ಮಾತು ನನಗೆ ಗೊತ್ತು, ನಿಮಗೆ ಗೊತ್ತಿಲ್ಲ — ಗೊತ್ತಾಗದ ಹಾಗೆ ನೋಡಿಕೊಂಡವನೂ ನಾನೇ.

ಈ ಕಾಗದವನ್ನು ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದೆ. ಸಿದ್ದಾಪುರದ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ — ಕೂತು ಎಂದರೆ ಅದೂ ಸುಳ್ಳೇ. ಎರಡು ಸಾಲು ಬರೆಯುವುದು, ಎದ್ದು ಅಂಗಳಕ್ಕೆ ಹೋಗುವುದು, ತಿರುಗಿ ಬರುವುದು. "ಎಂತ ಆಯ್ತು ನಿಮಗೆ, ಕಾಲಿಗೆ ಇರುವೆ ಹತ್ತಿದವರ ಹಾಗೆ?" ಎಂದು ಹೆಂಡತಿ ಕೇಳಿದಳು. ಅವಳಿಗೂ ಹೇಳಿಲ್ಲ. ಯಾರಿಗೂ ಹೇಳಿಲ್ಲ.

ಇಸಳೂರಿನ ನಿಮ್ಮ ಹೊಸ ಮನೆಯ ತಾರಸಿಗೆ ತಗಡಿನ ಮಾಡು ಹಾಕಿಸಿದ ವರ್ಷ ಅದು. ಬಟ್ಟೆ ತೊಳೆಯುವ ಮಷಿನ್ನನ್ನು ಮೇಲಿಡಬೇಕೆಂದು ನನ್ನನ್ನು ಕರೆಸಿದಿರಿ. ಕೆಳಗಿನ ಬೋರ್ಡಿನಿಂದ ತಾರಸಿಗೆ ಲೈನು ಎಳೆಯುವುದು, ಅರ್ಧ ದಿನದ ಕೆಲಸ. ವೈರು ತೂರಿಸಲು ತಂದಿದ್ದ ಪೈಪು ಮಾಡನ್ನು ಹೊತ್ತ ಕಂಬದ ಬುಡಕ್ಕೇ ಮುಗಿಯಿತು. ಶಿರಸಿ ಪೇಟೆಗೆ ಹೋಗಿ ಇನ್ನೊಂದು ತರಬೇಕಿತ್ತು. ಬೈಕಿತ್ತು, ಹೆಚ್ಚೆಂದರೆ ಅರ್ಧ ಗಂಟೆ. ಬನವಾಸಿಯಲ್ಲಿ ಯಾರದೋ ಪಂಪು ಕೆಟ್ಟಿದೆಯೆಂದು ಫೋನಿನ ಮೇಲೆ ಫೋನು ಬರುತ್ತಿತ್ತು — ಇಲ್ಲ, ಅದನ್ನು ನೆಪ ಮಾಡುವುದಿಲ್ಲ. ನನಗೆ ಸೋಮಾರಿತನ. ಅಷ್ಟೇ.

ನಮ್ಮ ಕಡೆಯ ಮಂಗಗಳ ಕಾಟ ನಿಮಗೆ ಹೇಳಬೇಕೇ? ವೈರು ಸ್ವಲ್ಪ ಸಡಿಲ ಕಂಡರೆ ಸಾಕು, ಜೋತಾಡಿ ಕಿತ್ತು ಹಾಕುತ್ತವೆ. ಅದಕ್ಕೇ ಇಲ್ಲಿನ ವೈರಿಂಗಿನವರು ಕೇಬಲ್ ಟೈಯನ್ನು — ಹಲ್ಲಿರುವ ಆ ಪ್ಲಾಸ್ಟಿಕ್ ಪಟ್ಟಿ, ಒಮ್ಮೆ ಎಳೆದರೆ ಹಿಂದಕ್ಕೆ ಬಾರದ್ದು — ಕೈಯಲ್ಲಿ ಎಳೆದದ್ದು ಸಾಲದೆಂದು ಪಕ್ಕಡದಲ್ಲಿ ಹಿಡಿದು, ಕಿರ್ ಎನ್ನುವವರೆಗೂ ಜಗ್ಗುತ್ತೇವೆ. ಮಂಜಣ್ಣ ಬಿಗಿದದ್ದನ್ನು ಮಂಗನ ಅಪ್ಪನೂ ಬಿಚ್ಚಲಾರ ಎಂದು ಜನ ನಗೆಯಾಡುತ್ತಿದ್ದರು. ಅದೇ ನನಗೆ ದೊಡ್ಡ ಜಂಭ. ಗೋಡೆಯೊಳಗೆ ಹಾಕುವ ತೆಳು ಸಿಪ್ಪೆಯ ವೈರು ಚೀಲದಲ್ಲಿ ಉಳಿದಿತ್ತು. ಅದನ್ನೇ, ಪೈಪಿಲ್ಲದೆ, ಕಬ್ಬಿಣದ ಕಂಬದ ಅಂಚಿಗೆ ಒತ್ತಿ ಆರು ಕಡೆ ಬಿಗಿದೆ.

ನೀವು ಹೊಲಿಗೆ ಬಿಟ್ಟು ಚಾ ತಂದಿರಿ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಕಂಬದ ಮೇಲೆ ಬೆರಳಾಡಿಸಿ ಕೇಳಿದಿರಿ: "ಮಂಜಣ್ಣಾ, ಈ ಅಂಚು ಚೂಪು ಅದೆಯಲ, ವೈರು ಕೊಯ್ದು ಹೋಗೂದಿಲ್ವಾ? ಪೈಪು ಹಾಕೂದಿಲ್ವಾ?"

ದಾರ ಎಲ್ಲಿ ಸವೆಯುತ್ತದೆ ಎಂದು ದಿನವೂ ನೋಡುವವರು ನೀವು, ಸರಿಯಾಗಿಯೇ ಕೇಳಿದ್ದಿರಿ. ನಾನು ನಕ್ಕೆ.

"ಅಕ್ಕಾ, ನೀವು ಬ್ಲೌಸ್ ಹೊಲೀರಿ. ವೈರು ನಂಗೆ ಬಿಡಿ."

ನೀವೂ ನಕ್ಕು ಕೆಳಗೆ ಹೋದಿರಿ.

ಎಂಟು ತಿಂಗಳು ಏನೂ ಆಗಲಿಲ್ಲ. ಗಾಳಿಗೆ ತಗಡು ಅದುರುತ್ತಿತ್ತು, ತಗಡಿನ ಜೊತೆ ಕಂಬ ಅದುರುತ್ತಿತ್ತು, ಬಿಗಿದ ವೈರು ಅಂಚಿಗೆ ತಿಕ್ಕುತ್ತಲೇ ಇತ್ತು. ಅದೇ ಕಂಬಕ್ಕೆ ನೀವು ಬಟ್ಟೆ ಒಣಗಿಸುವ ತಂತಿ ಕಟ್ಟಿದಿರಿ. ಕಟ್ಟದೆ? ಕಂಬ ಇರುವುದು ಮತ್ತೆ ಎಂತಕ್ಕೆ? ಒಂದು ಬೆಳಿಗ್ಗೆ ಒದ್ದೆ ಕೈಯಲ್ಲಿ ಆ ತಂತಿ ಹಿಡಿದಿರಿ. ಶಾಕ್ ಹೊಡೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಲಗೈ ಅಡಿಯಾಗಿ ಬಿದ್ದಿರಿ.

ನಾನು ಬಂದಾಗ ನಿಮ್ಮನ್ನು ಆಸ್ಪತ್ರೆಗೆ ಕರೆದೊಯ್ದಾಗಿತ್ತು. ನಿಮ್ಮ ಯಜಮಾನರು, ಗಣಪತಣ್ಣ, ಒಂದು ಜೊತೆ ಬಟ್ಟೆ ತರಲೆಂದು ಮನೆಗೆ ಬಂದಿದ್ದರು. ಮೇನು ಆಫ್ ಮಾಡಿ ನಾನೊಬ್ಬನೇ ತಾರಸಿ ಹತ್ತಿದೆ. ಮೂರನೆಯ ಟೈಯ ಕೆಳಗೆ ಸಿಪ್ಪೆ ಸೀಳಿತ್ತು, ತಾಮ್ರ ಹೊಳೆಯುತ್ತಿತ್ತು, ಕಂಬದ ಮೇಲೆ ಕಪ್ಪು ಕಲೆ. ಆಮೇಲೆ — ಇದನ್ನು ಬರೆಯಲೇಬೇಕು — ಕೈ ಒಂದು ಚೂರೂ ನಡುಗಲಿಲ್ಲ. ಟೈ ಕತ್ತರಿಸಿ ಕಿಸೆಗೆ ಹಾಕಿಕೊಂಡೆ, ಸೀಳಿದಲ್ಲಿ ಟೇಪು ಸುತ್ತಿದೆ, ಕಪ್ಪನ್ನು ಬಟ್ಟೆಯಲ್ಲಿ ಒರೆಸಿದೆ. ನಿಮ್ಮ ತಂತಿ ಆ ಜಾಗದಿಂದ ಒಂದು ಮೊಳ ಕೆಳಗಿತ್ತು. ಅದು ವೈರಿಗೆ ತಾಗಿರಲೇ ಇಲ್ಲ; ಕರೆಂಟು ಅದಕ್ಕೆ ಹರಿದದ್ದು ಕಂಬದಿಂದ.

ಕೆಳಗೆ ಗಣಪತಣ್ಣ ಕೇಳಿದರು, "ಎಂತ ಆಗಿದ್ದು ಮಾರಾಯಾ?"

"ಅಕ್ಕ ಬಟ್ಟೆ ತಂತಿ ಕಂಬಕ್ಕೆ ಕಟ್ಟಿದಾರೆ ಗಣಪತಣ್ಣಾ. ಅದು ತಿಕ್ಕಿ ತಿಕ್ಕಿ ವೈರು ಹರಿದದೆ. ಅದಕ್ಕೆ ಯಾರು ಎಂತ ಮಾಡೂದು?"

ಆಸ್ಪತ್ರೆಯಲ್ಲಿ ನೋವಿನಿಂದ ನರಳುತ್ತಿದ್ದ ನಿಮ್ಮ ತಲೆಯ ಮೇಲೆ ಗೂಬೆ ಕೂರಿಸಿ, ಬೈಕು ಹತ್ತಿ ಹೋದೆ. ಥೂ, ನನ್ನ ಜನ್ಮಕ್ಕೆ.

ಮರುವಾರ ಬಂದು, ಕರೆಯದೆಯೇ, ಪೈಪು ಹಾಕಿ ಲೈನು ಸರಿಮಾಡಿದೆ. ನೀವು ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು ಬಂದು ಹೇಳಿದಿರಿ, "ನನ್ನ ದಡ್ಡತನದಿಂದ ನಿಮ್ಮ ಕೆಲಸಕ್ಕೆ ಕೆಟ್ಟ ಹೆಸರು ಬಂತು ಮಂಜಣ್ಣಾ." ನನ್ನ ಬಳಿ ನೀವು ಕ್ಷಮೆ ಕೇಳಿದಿರಿ! ಆಗಲಾದರೂ ಹೇಳಬಹುದಿತ್ತು. ಇರಲಿ ಬಿಡಿ ಅಕ್ಕಾ ಎಂದೆ — ದೊಡ್ಡ ಮನಸ್ಸಿನವನ ಹಾಗೆ.

ಮಣಿಕಟ್ಟು ಕೂಡಿತು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಮಡಚಲಿಲ್ಲ. ಕತ್ತರಿ ಹಿಡಿಯಲಾಗದವರು ಎಂತ ಹೊಲಿಯುವುದು? ಬೀದಿಯ ಹೆಂಗಸರೆಲ್ಲ ಬ್ಲೌಸಿನ ಬಟ್ಟೆ ಹಿಡಿದು ಬರುತ್ತಿದ್ದ ಮನೆ ಅದು. ಹೊಲಿಗೆ ಮಷಿನ್ನು ಮಂಚಿಕೇರಿಯ ನಿಮ್ಮ ತಂಗಿಯ ಮನೆ ಸೇರಿತು. ಅದಕ್ಕಿಂತಲೂ ನನ್ನನ್ನು ತಿನ್ನುವುದು ಇನ್ನೊಂದು. ಗಣಪತಣ್ಣ ಕೆಟ್ಟವರಲ್ಲ, ಆದರೂ ಬಂದವರ ಎದುರಿಗೆಲ್ಲ "ಇವಳು ಸ್ವಿಚ್ಚು ಮುಟ್ಟಿದರೂ ನಂಗೆ ಜೀವ ಹಾರ್ತದೆ, ತಲೆ ಅಂಬೂದೇ ಇಲ್ಲ" ಎನ್ನುತ್ತಾರೆ. ನೀವು ತಲೆ ತಗ್ಗಿಸಿ ನಗುತ್ತೀರಿ. ಮಿಕ್ಸಿ ಹಾಕುವ ಮೊದಲೂ ಅವರನ್ನು ಕೇಳುತ್ತೀರಿ. ನಾನೇ ನೋಡಿದ್ದೇನೆ, ನಿಮ್ಮ ಮನೆಯ ಚಾ ಕುಡಿಯುತ್ತಲೇ ನೋಡಿದ್ದೇನೆ.

ಹೋದ ವಾರ ನಿಮ್ಮ ಪಕ್ಕದ ಹೊಸ ಮನೆಗೆ ಲೈನು ಎಳೆಯಲು ಬಂದಿದ್ದೆನಲ್ಲ. ನೀವು ಬೇಲಿಯ ಹತ್ತಿರ ಬಂದು ಆ ಮನೆಯ ಹುಡುಗಿಗೆ ಬುದ್ಧಿ ಹೇಳಿದಿರಿ: "ಕಂಬಕ್ಕೆ ಮಾತ್ರ ತಂತಿ ಕಟ್ಟಬೇಡ ತಂಗೀ. ನಾ ಮಾಡಿದ ದಡ್ಡತನ ನೀ ಮಾಡಬೇಡ. ಬೇಕಾರೆ ಮಂಜಣ್ಣನ್ನ ಕೇಳು." ಮಡಚದ ಆ ಬೆರಳುಗಳನ್ನು ಅವಳಿಗೆ ತೋರಿಸಿದಿರಿ. ಅವಳು ನನ್ನತ್ತ ನೋಡಿದಳು. ನಾನು — ಹೌದೆಂದು ತಲೆಯಾಡಿಸಿದೆ.

ಆರು ವರ್ಷದ ಹಿಂದಿನದನ್ನು ಹೆದರಿಕೆ ಎನ್ನಬಹುದೇನೋ. ಹೋದ ವಾರ ತಲೆಯಾಡಿಸುವಾಗ ನನಗೆ ಯಾರ ಹೆದರಿಕೆಯಿತ್ತು? ಅದು ಬರೀ ಅಭ್ಯಾಸವಾಗಿ ಹೋಗಿತ್ತು. ನಿಮ್ಮನ್ನು ದಡ್ಡಿ ಎನ್ನುವುದು ನನಗೆ ಅಭ್ಯಾಸವಾಗಿ ಹೋಗಿತ್ತು, ಶಾರದಕ್ಕಾ.

ಈ ಕಾಗದವನ್ನು ಇವತ್ತೇ ಅಂಚೆಗೆ ಹಾಕುತ್ತೇನೆ, ಐದನೆಯ ಸಲ ಹರಿಯುವ ಮೊದಲು. ಭಾನುವಾರ ನಾನೇ ಬರುತ್ತೇನೆ, ಗಣಪತಣ್ಣ ಮನೆಯಲ್ಲಿರುವ ಹೊತ್ತಿಗೆ. ಪಕ್ಕದ ಮನೆಯ ಹುಡುಗಿಯನ್ನೂ ಕರೆಯಿರಿ. ಬೈಯಬೇಕೆನಿಸಿದರೆ ಬೈಯಿರಿ, ಪೊಲೀಸರಿಗೆ ಹೇಳುವುದಾದರೆ ನಾನೇ ಜೊತೆಗೆ ಬರುತ್ತೇನೆ. ಕ್ಷಮಿಸಲು ಮಾತ್ರ ಅವಸರ ಮಾಡಬೇಡಿ.

ಒಂದೇ ಒಂದು ಕೇಳುತ್ತೇನೆ. ನಾನು ಬಂದಾಗ ಯಾವಾಗಿನಂತೆ ಚಾ ಮಾಡಲು ಒಳಗೆ ಹೋಗಬೇಡಿ. ಅಲ್ಲೇ ಕೂತಿರಿ. ನಿಮ್ಮ ತಲೆ ಸರಿಯಾಗಿಯೇ ಇತ್ತು ಎಂದು ಗಣಪತಣ್ಣನಿಗೆ ಹೇಳುವಾಗ ಅವರು ನಿಮ್ಮ ಮುಖ ನೋಡಬೇಕು.