ಗಡಿಯಾಚೆಯ ಡಾಕ್ಟರಮ್ಮ

ನನ್ನ ತಮ್ಮ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಹೊಸೂರಿನ ಡಾಕ್ಟರಮ್ಮನ ಹತ್ತಿರ ಮಾತ್ರ. ಅವರು ಮಾತ್ರೆ ಬರೆಯುವವರಲ್ಲ. ಕೂರಿಸಿಕೊಂಡು, ಮಾತಾಡಿಸಿ, ಮನಸ್ಸಿನ ಕಾಯಿಲೆ ನೋಡುವವರು. ನಮ್ಮ ಬಾಯಿಗೆ ಅವರೂ ಡಾಕ್ಟರೇ. ತಮ್ಮ ಅಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಫ್ಯಾಕ್ಟರಿಗೆ ಹೋಗುತ್ತಿದ್ದಾಗ ಕಾಯಿಲೆ ಶುರುವಾಯಿತು. ಊಟ ಬಿಟ್ಟ, ನಿದ್ದೆ ಬಿಟ್ಟ, ಬದುಕಿ ಏನು ಪ್ರಯೋಜನ ಅನ್ನತೊಡಗಿದ. ಒಂದು ವರ್ಷ ಆಕೆ ನೋಡಿದ ಮೇಲೆ ಸ್ವಲ್ಪ ಮೊದಲಿನಂತಾದ. ಅಷ್ಟರಲ್ಲಿ ಕೆಲಸ ಹೋಯಿತು. ಚನ್ನಪಟ್ಟಣದ ಹತ್ತಿರದ ನಮ್ಮೂರಿಗೆ ವಾಪಸ್ ಬಂದ. ಬಂದವನು ಮತ್ತೆ ಬಸ್ಸು ಹತ್ತು ಅಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ.

ಫೋನಿನಲ್ಲೇ ಮಾತಾಡಿಸಿ ಎಂದು ನಾನು ಕೇಳಿಕೊಂಡೆ. ತನ್ನ ನೋಂದಣಿ ಇರುವುದು ತಮಿಳುನಾಡಿನಲ್ಲಿ, ಕರ್ನಾಟಕದಲ್ಲಿ ಕೂತವನನ್ನು ನೋಡಬೇಕಾದರೆ ಇಲ್ಲೂ ನೋಂದಾಯಿಸಿಕೊಳ್ಳಬೇಕು ಎಂದರು. ಪಾಪ, ಇವನಿಗೋಸ್ಕರವೇ ಅರ್ಜಿ ಹಾಕಿದರು. ಅದು ಮಂಜೂರಾಗುವ ತನಕ ನೋಡುವುದಿಲ್ಲ ಅಂತಲೂ ಹೇಳಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ನಾವು ರೇಷ್ಮೆ ಹುಳು ಸಾಕುವವರು. ತಮಿಳುನಾಡಿನ ಗೂಡು ರಾಮನಗರದ ಮಾರ್ಕೆಟ್ಟಿಗೆ ಬಂದು ನಮ್ಮ ಗೂಡಿನ ಪಕ್ಕದಲ್ಲೇ ಹರಾಜಾಗುತ್ತದೆ. ಯಾವ ರಾಜ್ಯದ ಹುಳು ಕಟ್ಟಿದ್ದು ಅಂತ ಯಾರೂ ಅದನ್ನು ಗೇಟಿನಲ್ಲಿ ನಿಲ್ಲಿಸುವುದಿಲ್ಲ. ಒಬ್ಬ ಹೆಂಗಸಿನ ಮಾತಿಗೆ ಮಾತ್ರ ಗಡಿ! ಅರ್ಜಿ ಏನಾಯಿತು ಎಂದು ಕೇಳಲು ಎರಡು ಸಲ ಬೆಂಗಳೂರಿಗೆ ಹೋದೆ. ಅಲ್ಲಿಯ ಕಚೇರಿಯವರು, ಆ ರಾಜ್ಯದಿಂದ ಪತ್ರ ಬರಬೇಕು, ನೀವ್ಯಾರು ಕೇಳೋಕೆ, ಅಂದರು. ರೋಗಿಯ ಅಕ್ಕ ಅಂದೆ. ಹಾಗೊಂದು ಕಾಲಂ ಅವರ ಫಾರಂನಲ್ಲಿ ಇರಲಿಲ್ಲವೇನೋ, ಮುಖ ತಿರುಗಿಸಿಕೊಂಡರು.

ತಿಂಗಳುಗಳು ಕಳೆದವು. ತಮ್ಮ ಮತ್ತೆ ಊಟ ಬಿಟ್ಟ. ಆಗ ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿ ಸುಳ್ಳು ಹೇಳಿದೆ.

"ಅವನು ಹೊಸೂರಿಗೆ ವಾಪಸ್ ಬಂದವ್ನೆ ಮೇಡಂ, ಚಿಕ್ಕಮ್ಮನ ಮನೇಲವ್ನೆ. ಆಚೆ ಬರಕ್ಕೆ ಹೆದರ್ತಾನೆ, ಫೋನಲ್ಲೇ ಮಾತಾಡ್ಸಿ."

ಚಿಕ್ಕಮ್ಮನಿಗೂ ಈ ವಿಷಯ ತಿಳಿಸಿರಲಿಲ್ಲ. ತಮ್ಮನನ್ನು ಕೂರಿಸಿಕೊಂಡು ಹೇಳಿಕೊಟ್ಟೆ. "ಎಲ್ಲಿದೀಯ ಅಂತ ಕೇಳ್ತಾರೆ. ಹೊಸೂರು, ಚಿಕ್ಕಮ್ಮನ ಮನೆ ಅನ್ನು. ನಮ್ಮೂರ ಹೆಸರು ಎತ್ತಿದ್ಯೋ, ಫೋನ್ ಇಟ್ಬುಡ್ತಾರೆ ನೋಡು."

ಡಾಕ್ಟರಮ್ಮ ಪ್ರತಿ ಸಲವೂ ಮೊದಲು ಅದನ್ನೇ ಕೇಳುತ್ತಿದ್ದರು. ಅದೂ ಕಚೇರಿಯವರು ಕೇಳುವಂಥ ಪ್ರಶ್ನೆ, ಕಾನೂನಿಗೋಸ್ಕರ ಕೇಳುತ್ತಾರೆ ಅಂದುಕೊಂಡಿದ್ದೆ. ತಮ್ಮ ಹುಳು ಮನೆಯಲ್ಲಿ ಕೂತು ಮಾತಾಡುತ್ತಿದ್ದ. ಹುಳು ಇರುವಾಗ ನಾವು ಹೊರಗಿನವರನ್ನು ಅದರೊಳಗೆ ಬಿಡುವುದಿಲ್ಲ, ಹಾಗಾಗಿ ಅಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರುತ್ತಿರಲಿಲ್ಲ. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಹುಳು ಸೊಪ್ಪು ಮೇಯುವ ಸದ್ದು ಸೋನೆ ಮಳೆಯ ಹಾಗಿರುತ್ತದೆ. ಒಂದು ದಿನ ಅವರು "ಏನಪ್ಪ, ನಿಮ್ಮ ಬೀದೀಲಿ ಮಳೇನಾ?" ಅಂದರಂತೆ. ಇವನು ಹೂಂ ಅಂದನಂತೆ. ನನಗೆ ಬಂದು ಹೇಳುವಾಗ ನಕ್ಕ. ಅವನು ನಕ್ಕು ಎಷ್ಟು ದಿನವಾಗಿತ್ತೋ.

ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾದ ದಿನ ಮನೆ ತುಂಬ ಆಳುಗಳು. ಹಣ್ಣು ಹುಳುವನ್ನು ಆರಿಸಿ, ಅದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವುದು ತಡವಾದರೆ ನೂಲೆಲ್ಲ ಹಾಳು. ಫೋನ್ ಮಾಡುವ ಹೊತ್ತಾದಾಗ ತಮ್ಮ ನನ್ನ ಮುಖ ನೋಡಿದ. ಹೋಗಿ ಹಿಪ್ಪುನೇರಳೆ ಹೊಲದ ಬದುವಿನಲ್ಲಿ ಕೂತು ಮಾತಾಡು ಅಂದೆ. ತಲೆ ಎತ್ತಿ ಕೂಡ ಹೇಳಲಿಲ್ಲ.

ಮಧ್ಯಾಹ್ನ ಚಿಕ್ಕಮ್ಮನ ಫೋನು. "ಇದೇನವ್ವಾ, ಮನೆ ಮುಂದೆ ಪೊಲೀಸ್‌ನೋರು, ಆಂಬುಲೆನ್ಸು! ನಿನ್ ತಮ್ಮ ಸಾಯ್ತೀನಿ ಅಂತ ಡಾಕ್ಟರಮ್ಮಂಗೆ ಫೋನಲ್ಲಿ ಅಂದನಂತೆ, ಇಲ್ಲೇ ಅವ್ನೆ, ತೋರ್ಸಿ ಅಂತವ್ರೆ. ಇಲ್ಲ ಅಂದ್ರೆ ನಂಬ್ತಾನೇ ಇಲ್ಲ."

ಅಂಗೈ ತುಂಬ ಹುಳು ಇತ್ತು. ಅಲ್ಲೇ ಚೆಲ್ಲಿ ಹೊಲಕ್ಕೆ ಓಡಿದೆ. ಬದುವಿನ ಮೇಲೆ ಫೋನ್ ಬಿದ್ದಿತ್ತು, ಅವನಿರಲಿಲ್ಲ. ಊರವರೆಲ್ಲ ಸೇರಿ ಕೆರೆ, ಬಾವಿ, ರೈಲು ಹಳಿ ಎಲ್ಲ ಹುಡುಕಿದೆವು. ಮೂರನೇ ದಿನ ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಅಷ್ಟು ದೂರವೂ ನಡೆದೇ ಹೋಗಿದ್ದ, ಪಾದವೆಲ್ಲ ಒಡೆದು ರಕ್ತವಾಗಿತ್ತು.

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಏನಾದ್ರೂ ಆದ್ರೆ ಜನಾನ ಎಲ್ಲಿಗೆ ಕಳಿಸ್ಲಿ ಅಂತ ತಾನೇ ನಾನು ಕೇಳ್ತಿದ್ದಿದ್ದು? ಊರಲ್ಲೇ ಇದಾನೆ ಅಂತ ಗೊತ್ತಿದ್ದಿದ್ರೆ ಮೊದಲು ನಿಮಗೇ ಫೋನ್ ಮಾಡ್ತಿದ್ದೆನಲ್ಲಮ್ಮ," ಅಂದು ಅತ್ತರು. ಇನ್ನು ಇವನನ್ನು ನೋಡುವ ಧೈರ್ಯ ತನಗಿಲ್ಲ ಅಂದರು. ಇಲ್ಲಿಗೆ ಹಾಕಿದ್ದ ಅರ್ಜಿಯನ್ನೂ ವಾಪಸ್ ತೆಗೆದುಕೊಂಡರು.

ಈಗ ತಿಂಗಳಿಗೊಮ್ಮೆ ಕಾರು ಮಾಡಿಕೊಂಡು ರಾಮನಗರದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯ ಡಾಕ್ಟರು ಒಳ್ಳೆಯವರೇ. ತಮ್ಮ ಅವರ ಎದುರು ಕೂತು ಗೋಡೆ ನೋಡುತ್ತಾನೆ. ಮಾತ್ರೆ ಕೊಟ್ಟರೆ ನುಂಗುತ್ತಾನೆ, ಬಡಿಸಿದರೆ ತಿನ್ನುತ್ತಾನೆ. ಇದು ಬದುಕಿದ್ದ ಹಾಗೆಯೇ ಎಂದು ನನ್ನನ್ನು ಕೇಳಬೇಡಿ.

ಮಾಗಡಿಯಿಂದ ಕರೆತಂದ ದಿನ ಅವನ ಕಾಲು ತೊಳೆಯುತ್ತಾ ಕೇಳಿದ್ದೆ, "ಅಂಥ ಹೊತ್ನಲ್ಲಾದ್ರೂ ಡಾಕ್ಟರಮ್ಮಂಗೆ ಎಲ್ಲಿದೀನಿ ಅಂತ ನಿಜ ಹೇಳ್ಬಾರ್ದಾಗಿತ್ತೇನೋ?"

ಅವನು ಹೇಳಿದ, "ಇನ್ನೊಸಿ ಹೊತ್ತು ಅವರು ಮಾತಾಡ್ಲಿ ಅಂತಿದ್ದೆ ಕಣಕ್ಕ."