ನೀಲತ್ತಿಯ ತತ್ತಿ ಪಲ್ಯ

ಮಳೆಗಾಲದಲ್ಲಿ ಲೋಕಲ್ ರೈಲಿನ ಹೆಂಗಸರ ಡಬ್ಬಿಯ ಕಿಟಕಿಗಳೆಲ್ಲ ಮುಚ್ಚಿರುವಾಗ ಯಾರಾದರೊಬ್ಬರು ಟಿಫಿನ್ ತೆರೆದು ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯತೊಡಗಿದರೆ ಉಳಿದವರು ಮುಖ ತಿರುಗಿಸಿಕೊಳ್ಳುತ್ತಾರೆ. ನಾನು ತಿರುಗಿಸುವುದಿಲ್ಲ. ಒದ್ದೆ ಸೀರೆ, ಕೊಡೆ, ಬಾಡಿದ ಮಲ್ಲಿಗೆಯ ನಡುವೆ ಆ ಬೆಚ್ಚನೆಯ ವಾಸನೆ ಮೂಗಿಗೆ ತಾಕಿದ ಕೂಡಲೇ ನನಗೆ ಇಳಿಯಬೇಕಾದ ಠಾಣೆ ಸ್ಟೇಷನ್ನೂ ಇಲ್ಲ, ಆಫೀಸೂ ಇಲ್ಲ. ಡೊಂಬಿವಲಿಯ ಒಂದು ಅಡುಗೆಮನೆ, ಅದರ ಮೂಲೆಯಲ್ಲಿ ಮಂಡಿ ಮಡಚಿ ಕೂತು ಮೊಟ್ಟೆ ಸುಲಿಯುತ್ತಿರುವ ನೀಲತ್ತಿ, ಅವಳ ಕೈಬಳೆಗಳ ಸಣ್ಣ ಸದ್ದು. ಆ ಅಡುಗೆಮನೆ ಈಗಿಲ್ಲ. ಆ ಕಟ್ಟಡವೇ ಇಲ್ಲ. ನಿಮ್ಮಲ್ಲೂ ಅಂಥ ಒಂದು ಮನೆ ಇದ್ದಿರಬಹುದು, ವಾಸನೆಯೊಂದನ್ನು ಬಿಟ್ಟರೆ ಬೇರೆ ಯಾವ ದಾರಿಯಿಂದಲೂ ಒಳಹೋಗಲಾಗದ ಮನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಡೊಂಬಿವಲಿ ಪೂರ್ವದಲ್ಲಿ, ಕಾರ್ಖಾನೆಗಳ ಕಡೆಗೆ ಹೋಗುವ ರಸ್ತೆಯಿಂದ ಒಳಕ್ಕೆ ಸರಿದ ಒಂದು ಗಲ್ಲಿಯಲ್ಲಿ, ನಾಲ್ಕು ಮಹಡಿಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನಾವಿದ್ದೆವು. ಮೊದಲು ಅಲ್ಲಿ ಜೌಗು ನೆಲವಿತ್ತಂತೆ. ಮಣ್ಣು, ಒಡೆದ ಇಟ್ಟಿಗೆ, ಊರ ಕಸ ಎಲ್ಲ ಸುರಿದು ಮಟ್ಟಮಾಡಿ, ಮಳೆಗಾಲಕ್ಕೆ ಮೊದಲೇ ಮುಗಿಯಬೇಕೆಂದು ಅವಸರದಲ್ಲಿ ಎಬ್ಬಿಸಿದ ಕಟ್ಟಡ ಅದು. ಕಟ್ಟಿಸಿದವನು ಎಲ್ಲರಿಗೂ ಕೀಲಿಕೈ ಕೊಟ್ಟ ಮೇಲೆ ಮತ್ತೆ ಆ ಗಲ್ಲಿಯಲ್ಲಿ ಕಾಣಿಸಲಿಲ್ಲ. ಅಪ್ಪ ವಿಜಾಪುರದ ಕಡೆಯವನು. ಬಟ್ಟೆಯ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಅವನ ಅಂಗೈ ಒಂದು ವಾರ ಹಳದಿ, ಇನ್ನೊಂದು ವಾರ ನೀಲಿ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಬಣ್ಣ ಹೋಗುತ್ತಿರಲಿಲ್ಲ. ಅದಕ್ಕೇ ಅವ್ವ ಅವನಿಗೆ ಮೊಟ್ಟೆ ಸುಲಿಯಲು ಬಿಡುತ್ತಿರಲಿಲ್ಲ. ಬಿಳಿ ಮೊಟ್ಟೆಯ ಮೇಲೆ ಅವನ ಹೆಬ್ಬೆಟ್ಟಿನ ಗುರುತು ಮೂಡುತ್ತಿತ್ತು.

ಅಪ್ಪನ ತಂಗಿ ನೀಲವ್ವ ನಮ್ಮ ಮನೆಗೆ ಬಂದಾಗ ನಾನು ಮೊದಲನೆಯ ಇಯತ್ತೆಯಲ್ಲಿದ್ದೆ. ಒಂದು ತಗಡಿನ ಟ್ರಂಕು, ಉಟ್ಟ ಸೀರೆ, ಮೊಣಕೈವರೆಗೆ ತುಂಬಿದ ಗಾಜಿನ ಬಳೆಗಳು, ಅಷ್ಟೇ ಅವಳ ಸಾಮಾನು. ಬಳೆಗಳು ಅಷ್ಟೊಂದು ಯಾಕೆಂದು ಅವಳು ಪಾತ್ರೆ ತಿಕ್ಕುವಾಗ ನನಗೆ ಕಂಡಿತು. ಅವು ಮೇಲೆ ಸರಿದಲ್ಲೆಲ್ಲ ಚರ್ಮ ಸುಟ್ಟು ಗಂಟುಕಟ್ಟಿತ್ತು. ನಾನು ಕೇಳುವ ಮೊದಲೇ ಅವ್ವ ಕಣ್ಣಲ್ಲೇ ಗದರಿಸಿದಳು. ಗಂಡ ಊರಲ್ಲೇ ಇದ್ದಾನೆ, ಇವಳು ಸ್ವಲ್ಪ ದಿನಕ್ಕೆ ಬಂದಿದ್ದಾಳೆ ಎಂದು ನೆರೆಯವರಿಗೆ ಹೇಳಲಾಯಿತು. ಆ ಸ್ವಲ್ಪ ದಿನ ವರ್ಷಗಳಾದವು. ಅತ್ತಿ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಗುಂಡಿ ಹಾಕುವ ಕೆಲಸ ಹಿಡಿದಳು. ಶನಿವಾರ ಸಂಜೆ ಕೆಲಸ ಬಿಟ್ಟವಳು ನೇರ ಮನೆಗೆ ಬಂದು, ನನ್ನ ಕೈ ಹಿಡಿದು ಮೊಟ್ಟೆ ತರಲು ಹೊರಡುತ್ತಿದ್ದಳು.

ರೈಲ್ವೆ ಫಾಟಕದ ಹತ್ತಿರ ಮೊಟ್ಟೆಯ ಅಂಗಡಿ. ಅಂಗಡಿಯೆಂದರೆ ಒಂದು ಹಲಗೆ, ಅದರ ಮೇಲೆ ಎದೆಯೆತ್ತರಕ್ಕೆ ಪೇರಿಸಿದ ಟ್ರೇಗಳು, ಮೇಲೊಂದು ಬಲ್ಬು. ಅಂಗಡಿಯ ಚಾಚಾ ಪ್ರತಿ ಮೊಟ್ಟೆಯನ್ನೂ ಬಲ್ಬಿಗೆ ಹಿಡಿದು ತೋರಿಸುತ್ತಿದ್ದ. ಒಳಗಿನಿಂದ ಹೊಳೆಯುವ ಕಿತ್ತಳೆ ಬಣ್ಣದ ಆ ಬೆಳಕು ನನಗೆ ಎಷ್ಟು ನೋಡಿದರೂ ಸಾಲುತ್ತಿರಲಿಲ್ಲ. “ದೇಖೋ ಬೆಹನ್, ಏಕದಮ್ ಸಾಫ್,” ಎನ್ನುತ್ತಿದ್ದ. ಅತ್ತಿಗೆ ಹಿಂದಿ ಅಷ್ಟಕ್ಕಷ್ಟೆ. “ಸಾಫ್ ಗೀಫ್ ಮನ್ಯಾಗ ನೀರಿಗೆ ಹಾಕಿದ ಮ್ಯಾಲ ಗೊತ್ತಾಗತೈತಿ,” ಎಂದು ಕನ್ನಡದಲ್ಲೇ ಉತ್ತರಿಸುತ್ತಿದ್ದಳು. ಅವನು ಅರ್ಥವಾದವನಂತೆ ನಗುತ್ತಿದ್ದ. ಕಾಗದದ ಪೊಟ್ಟಣವನ್ನು ಎದೆಗವಚಿಕೊಂಡು ಗುಂಡಿಬಿದ್ದ ರಸ್ತೆಯಲ್ಲಿ ಅವಳು ನಡೆಯುವ ಬಗೆ ನೋಡಿ, ಕೂಸನ್ನು ಹೊತ್ತವಳಂತೆ ಕಾಣುತ್ತಾಳೆ ಎಂದು ಅವ್ವ ಒಮ್ಮೆ ಅಂದಿದ್ದಳು. ಅಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು.

ಭಾನುವಾರದ ಪಲ್ಯ ಅತ್ತಿಯದೇ. ಸೀಮೆಎಣ್ಣೆಯ ಸ್ಟವ್ವಿನ ಮೇಲೆ ಶೇಂಗಾ, ಒಣಕೊಬ್ಬರಿ, ಬಳ್ಳೊಳ್ಳಿ ಹುರಿದು ಕುಟ್ಟಿ, ಊರಿಂದ ಬಂದ ಖಾರದ ಪುಡಿ ಬೆರೆಸುವಳು. ಬೇಯಿಸಿದ ಮೊಟ್ಟೆಗಳನ್ನು ಸುಲಿದು, ಅಲ್ಲಲ್ಲಿ ಚುಚ್ಚಿ, ಅರಿಸಿನ ಹಾಕಿದ ಎಣ್ಣೆಯಲ್ಲಿ ಹೊರಳಿಸಿ, ಮೈಮೇಲೆ ಸಣ್ಣ ಬೊಬ್ಬೆ ಏಳುವವರೆಗೆ ಕಾಯುವಳು. ಆಮೇಲೆ ಹೊಲಿಗೆಯ ದಾರವನ್ನು ಹಲ್ಲು ಮತ್ತು ಬೆರಳಿನ ನಡುವೆ ಎಳೆದು ಹಿಡಿದು ಮೊಟ್ಟೆಯನ್ನು ಎರಡು ಹೋಳು ಮಾಡುವಳು. ಚಾಕುವಿನಿಂದ ಕೊಯ್ದರೆ ಒಳಗಿನ ಹಳದಿ ಭಂಡಾರ ಒಡೆಯುತ್ತದೆ ಎನ್ನುವಳು. ರೊಟ್ಟಿ ತಟ್ಟುತ್ತಿದ್ದ ಅವ್ವನ ಕೈಯ ಸದ್ದು, ಖಾರದ ಘಾಟಿಗೆ ಸೀನುವ ಅಪ್ಪ, “ಮಲಾ ದೋನ್ ಪಾಹಿಜೇ” ಎಂದು ಮರಾಠಿಯಲ್ಲೇ ಎರಡು ಬೇಕೆಂದು ಹಟಹಿಡಿಯುವ ತಮ್ಮ ರವಿ. “ಕನ್ನಡದಾಗ ಕೇಳು, ಕೊಡ್ತೀನಿ,” ಎಂದು ಅತ್ತಿ. ಅವನು ಕೇಳುತ್ತಿರಲಿಲ್ಲ, ಅವಳು ಕೊಡದೆಯೂ ಇರುತ್ತಿರಲಿಲ್ಲ. ನಾನು ಬಿಳಿ ಭಾಗ ಮೊದಲು ತಿಂದು, ಭಂಡಾರವನ್ನು ಕೊನೆಯ ತುತ್ತಿಗೆ ಉಳಿಸಿಕೊಳ್ಳುತ್ತಿದ್ದೆ.

ಆ ಊಟದ ಸುತ್ತ ಒಂದು ಅಂಜಿಕೆ ಯಾವಾಗ ಬಂದು ಕೂತಿತೆಂದು ಹೇಳುವುದು ಕಷ್ಟ. ಮೊದಲು ಗಮನಿಸಿದವಳು ಅತ್ತಿಯೇ. ನೀರಿನಿಂದ ತೆಗೆದು ನೆಲದ ಮೇಲಿಟ್ಟ ಮೊಟ್ಟೆಗಳು ತಾವಾಗಿಯೇ ಹೊರಳಿ ಕಿಟಕಿಯ ಕೆಳಗಿನ ಗೋಡೆಗೆ ಹೋಗಿ ನಿಂತವು. ನಾವು ಮಕ್ಕಳು ಚಪ್ಪಾಳೆ ತಟ್ಟಿದೆವು. ಅತ್ತಿ ನಗಲಿಲ್ಲ. ಮರುವಾರ ಬಟ್ಟೆಯ ಸಿಂಬಿ ಸುತ್ತಿ ಅದರೊಳಗೆ ಇಟ್ಟಳು. ಬಚ್ಚಲಿನ ಬಾಗಿಲು ಮಳೆಗಾಲದಲ್ಲಿ ಮುಚ್ಚದಾಯಿತು. ಕಟ್ಟಿಗೆ ಉಬ್ಬಿದೆ ಎಂದರು. ಬೇಸಿಗೆ ಬಂತು, ಆಗಲೂ ಅದು ಮುಚ್ಚಲಿಲ್ಲ. ಗೋಡೆಯಲ್ಲಿ ಕೂದಲೆಳೆಯಂಥ ಗೆರೆಯೊಂದು ದೇವರ ಫೋಟೋದ ಹಿಂದಿನಿಂದ ಹೊರಟು ಕೆಳಗಿಳಿಯಿತು. ನೆಲಮಹಡಿಯಲ್ಲಿದ್ದ ಉಡುಪಿಯ ಸರೋಜಕ್ಕ ಒಂದು ಮಧ್ಯಾಹ್ನ ಮೇಲೆ ಬಂದು, “ನಮ್ಮ ಮನೆ ಹತ್ರದ ಕಂಬ ಉಂಟಲ್ಲ, ಅದರ ಸಿಮೆಂಟು ಉದುರ್ತಾ ಉಂಟು ಮಾರಾಯ್ತಿ. ಒಳಗಿನ ಕಬ್ಬಿಣ ಕಾಣ್ತದೆ. ಎಂತ ಮಾಡುದು?” ಎಂದು ಅವ್ವನ ಮುಂದೆ ಕೂತಳು. ಆ ದಿನ ಅತ್ತಿ ಅಪ್ಪನಿಗೆ ನೇರವಾಗಿಯೇ ಹೇಳಿದಳು: “ಅಣ್ಣಾ, ಈ ಮನಿ ಕುಂದ್ರಾಕತ್ತೈತಿ.”

“ಮಿಸ್ತ್ರಿ ನೆಲಾ ಸೊಟ್ಟ ಹಾಕ್ಯಾನ, ಅಷ್ಟ. ನೀ ಹುಡುಗೋರ ಮುಂದ ಹಂಗ ಅನಬ್ಯಾಡ,” ಎಂದ ಅಪ್ಪ. ಆದರೆ ಅಂದಿನಿಂದ ಅವನು ಮೆಟ್ಟಿಲು ಹತ್ತುವಾಗ ಗೋಡೆಗೆ ಕೈ ಊರದೆ ನಡುವಿನಲ್ಲೇ ಹತ್ತುತ್ತಿದ್ದುದನ್ನು ನಾನು ಕಂಡಿದ್ದೇನೆ.

ಆ ವರ್ಷವೇ ಅತ್ತಿಯ ಗಂಡ ಬಂದ. ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ನಿಂತಿದ್ದ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಮೆಲುದನಿ. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ರಾಕ್ಷಸ ಅವನಾಗಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಅತ್ತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬಂದವನಿಗೆ ಊಟ ಹಾಕದಿರುವುದು ಹೇಗೆ? ಅವ್ವ ಬಡಿಸಿದಳು. ಅವನು ತಲೆ ಎತ್ತದೆ, ಒಂದಾದ ಮೇಲೊಂದರಂತೆ ಮೊಟ್ಟೆಯ ಹೋಳುಗಳನ್ನು ತಿಂದ. “ಕೈ ರುಚಿ ಇನ್ನೂ ಹಂಗ ಐತಿ,” ಎಂದ ಅಡುಗೆಮನೆಗೆ ಕೇಳುವಂತೆ. ಒಳಗೆ ಬಳೆಗಳ ಸದ್ದು ನಿಂತುಹೋಯಿತು. ಕೈ ತೊಳೆದ ಮೇಲೆ ಅಪ್ಪನಿಗೆ, “ಈಕಿ ಇಲ್ಲೇ ಇರಾಕಿ ಏನ್ರಿ?” ಎಂದು ಕೇಳಿದ.

“ಇರ್ಲಿ ಬಿಡ್ರಿ. ನಮ್ಮ ಹುಡುಗೋರಿಗೂ ಆಕಿ ಬೇಕು,” ಎಂದ ಅಪ್ಪ.

ಅವನು ಒಪ್ಪಿದವನಂತೆ ತಲೆಯಾಡಿಸಿದ. ಚಪ್ಪಲಿ ಮೆಟ್ಟುತ್ತ ಕೋಣೆಯನ್ನು ಒಮ್ಮೆ ಸುತ್ತ ನೋಡಿದ. ಅವನ ಕಣ್ಣು ಗೋಡೆಯ ಗೆರೆಯ ಮೇಲೆ ನಿಂತಿತು. “ಮನಿ ಸಣ್ಣದೈತಿ ನಿಮ್ದು. ಎಷ್ಟು ದಿನಾ ತಡೀತೈತೋ ನೋಡೂಣು,” ಎಂದು ಹೇಳಿ ಇಳಿದುಹೋದ. ಅತ್ತಿ ಆ ದಿನ ಊಟ ಮಾಡಲಿಲ್ಲ. ಅವನು ಉಂಡ ತಾಟನ್ನು ಬೂದಿ ಹಾಕಿ ಎಷ್ಟೋ ಹೊತ್ತು ತಿಕ್ಕಿದಳು.

ಮುಂದಿನ ಮಳೆಗಾಲ ಎಡೆಬಿಡದೆ ಸುರಿಯಿತು. ಗಲ್ಲಿಯ ನೀರು ನೆಲಮಹಡಿಯ ಹೊಸ್ತಿಲು ಮುಟ್ಟಿ ಅಲ್ಲೇ ನಿಂತಿತು. ಅದೂ ಒಂದು ಭಾನುವಾರವೇ. ಅತ್ತಿ ಮೊಟ್ಟೆ ಬೇಯಲಿಟ್ಟಿದ್ದಳು. ಪಾತ್ರೆಯ ನೀರು ಒಂದು ಬದಿಗೆ ಅಂಚಿನವರೆಗೆ ಏರಿ, ಇನ್ನೊಂದು ಬದಿಗೆ ಮೊಟ್ಟೆಗಳ ಬೆನ್ನು ಬರಿದಾಗಿದ್ದುದನ್ನು ಅವಳು ನೋಡುತ್ತ ನಿಂತಿದ್ದಳು. ಅಷ್ಟರಲ್ಲಿ ಮಾಳಿಗೆಯ ಗಾರೆ ಹಪ್ಪಳದಂತೆ ಎದ್ದು ಕೆಳಗೆ ಬಿತ್ತು. ಎಲ್ಲೋ ಕೆಳಗೆ, ದೊಡ್ಡ ಬಿದಿರು ಸೀಳಿದಂಥ ಸದ್ದು. ಸರೋಜಕ್ಕ ಅಂಗಳದಿಂದ ಕಿರುಚುತ್ತಿದ್ದಳು: “ಕಂಬ ಒಡೀತು! ಎಲ್ಲ ಕೆಳಗೆ ಬನ್ನಿ! ಕಂಬ ಒಡೀತು!” ಅತ್ತಿ ಸ್ಟವ್ ಆರಿಸಿದಳು, ರವಿಯನ್ನು ಸೊಂಟಕ್ಕೆ ಎತ್ತಿಕೊಂಡಳು, ಇನ್ನೊಂದು ಕೈಯಲ್ಲಿ ಆ ಪಾತ್ರೆಯನ್ನೇ ಹಿಡಿದಳು. ಮುಂಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು. ಅಪ್ಪ ಭುಜ ಕೊಟ್ಟು ಗುದ್ದಿದ, ಮತ್ತೆ ಗುದ್ದಿದ; ಅದು ತೆರೆದಾಗ ಅವನ ಮುಖ ಬೂದಿಯಾಗಿತ್ತು. ಮೆಟ್ಟಿಲುಗಳ ಮೇಲೆ ಜನವೋ ಜನ. ಅತ್ತಿ ಪ್ರತಿ ಮಹಡಿಯಲ್ಲೂ ನಿಂತು ಮುಚ್ಚಿದ ಬಾಗಿಲುಗಳನ್ನು ಕಾಲಿನಿಂದ ಒದೆಯುತ್ತ, ತನಗೆ ಬಂದ ಅಷ್ಟೇ ಹಿಂದಿಯಲ್ಲಿ “ಚಲೋ, ಚಲೋ” ಎಂದು ಕೂಗುತ್ತ ಇಳಿದಳು.

ಎದುರಿನ ರೇಷನ್ ಅಂಗಡಿಯ ತಗಡಿನ ಕೆಳಗೆ ಎಲ್ಲರೂ ಒದ್ದೆಯಾಗಿ ನಿಂತೆವು. ಮಕ್ಕಳು ನಡುಗುತ್ತಿದ್ದರು. ಅತ್ತಿ ಪಾತ್ರೆಯ ನೀರು ಚೆಲ್ಲಿ, ಮೊಟ್ಟೆಗಳನ್ನು ಸುಲಿದು ಕಟ್ಟಡದ ಮಕ್ಕಳಿಗೆಲ್ಲ ಕೊಟ್ಟಳು. ಅವು ಅರೆಬೆಂದಿದ್ದವು. ಭಂಡಾರ ನಮ್ಮ ಗಲ್ಲದ ಮೇಲಿಂದ ಇಳಿಯಿತು. ಉಪ್ಪಿಲ್ಲ, ಖಾರವಿಲ್ಲ, ಮಳೆಹನಿ ಬಿದ್ದ ಮೊಟ್ಟೆ. ಅಷ್ಟು ರುಚಿಯಾದುದನ್ನು ನಾನು ಮತ್ತೆಂದೂ ತಿಂದಿಲ್ಲ. ನಾವಿನ್ನೂ ಬೆರಳು ನೆಕ್ಕುತ್ತಿರುವಾಗ ಕಟ್ಟಡ ಬಿತ್ತು. ಬಿತ್ತು ಎನ್ನುವುದೂ ಸರಿಯಲ್ಲ. ದಣಿದ ಮುದುಕಿ ಕಾಲು ಮಡಚಿ ಕೂರುವಂತೆ ಅದು ಕೂತಿತು. ಮಳೆಯಲ್ಲೂ ಧೂಳೆದ್ದು ಗಲ್ಲಿ ಕಾಣದಾಯಿತು. ಒಂದು ಜೀವವೂ ಹೋಗಲಿಲ್ಲ. ಜನ ಅತ್ತಿಯ ಕೈ ಹಿಡಿದುಕೊಂಡು ಅತ್ತರು. ಅವಳು ಮಾತ್ರ ಆ ಧೂಳನ್ನೇ ನೋಡುತ್ತಿದ್ದಳು.

ಆಮೇಲೆ ಕಲ್ಯಾಣದ ಒಂದು ಚಾಳಿನಲ್ಲಿ, ಅಪ್ಪನ ಜೊತೆ ಕೆಲಸ ಮಾಡುವವರ ಮನೆಯ ಹಿಂದಿನ ಕೋಣೆಯಲ್ಲಿ ಜಾಗ ಸಿಕ್ಕಿತು. ಐವರೂ ಒಟ್ಟಿಗೆ ಕಾಲು ಚಾಚಲಾಗದಷ್ಟು ಕೋಣೆ. ಅತ್ತಿ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಸುದ್ದಿ ಊರಿಗೆ ಹೇಗೆ ಮುಟ್ಟಿತೋ, ಅತ್ತಿಯ ಗಂಡ, ನಮ್ಮ ಮಾವ, ಮತ್ತೆ ಬಂದ. ಈ ಬಾರಿ ಹೆಚ್ಚು ಮಾತಾಡಲಿಲ್ಲ. “ಈಗರ ಕಳಸ್ತೀರಲ್ರಿ?” ಎಂದು ಕೇಳಿ ಹೊರಗಿನ ಕಟ್ಟೆಯ ಮೇಲೆ ಕೂತ.

“ಏನರ ಆಗ್ಲಿ, ಕಳಸೂದು ಬ್ಯಾಡ್ರಿ,” ಎಂದು ಅವ್ವ ಅಪ್ಪನ ಎದುರಿಗೆ ನಿಂತಳು. “ನಾವು ತಿನ್ನೂದ್ರಾಗ ಆಕಿಗೂ ಒಂದು ತುತ್ತು.”

ಅಪ್ಪ ತನ್ನ ಬಣ್ಣದ ಅಂಗೈಗಳನ್ನು ನೋಡಿಕೊಳ್ಳುತ್ತ, “ನೀ ಒಲ್ಲೆ ಅಂದ್ರ ಕಳಸಂಗಿಲ್ಲ ನೀಲಾ,” ಎಂದ. ತಲೆ ಎತ್ತಿ ಅನ್ನಲಿಲ್ಲ.

ಅತ್ತಿ ಆ ಕೋಣೆಯನ್ನೊಮ್ಮೆ ನೋಡಿದಳು. ನನ್ನನ್ನೂ ರವಿಯನ್ನೂ ನೋಡಿದಳು. “ಹೋಗ್ತೀನಿ ಅಣ್ಣಾ. ಮನಿ ಆತಂದ್ರ ಕರೀ,” ಎಂದಳು. “ವೈನಿ, ನೀವು ಅಳಬ್ಯಾಡ್ರಿ,” ಎಂದು ಅವ್ವನ ಕೈ ಹಿಡಿದಳು.

ಕಲ್ಯಾಣ ಸ್ಟೇಷನ್ನಿಗೆ ಎಲ್ಲರೂ ಹೋದೆವು. ದಾರಿಗೆಂದು ಅವ್ವ ರೊಟ್ಟಿ, ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟಿದ್ದಳು. ಸೋಲಾಪುರದ ಕಡೆಯ ಗಾಡಿ ಬಂತು. ಅತ್ತಿ ಕಿಟಕಿಯ ಸರಳಿನ ಹಿಂದೆ ಕೂತಳು. ಗಾಡಿ ಹೊರಡುವ ಮೊದಲೇ ಮಾವ ಅವಳ ಮಡಿಲಿಂದ ಗಂಟನ್ನು ತೆಗೆದುಕೊಂಡು ಬಿಚ್ಚಿ, ಸರಳಿಗೆ ಕುಟ್ಟಿ ಒಂದು ಮೊಟ್ಟೆ ಒಡೆದ. ಅವಳು ಅತ್ತ ನೋಡಲಿಲ್ಲ. ರವಿ ಪ್ಲಾಟ್‌ಫಾರ್ಮಿನ ಮೇಲೆ ಓಡುತ್ತ, ಜೀವನದಲ್ಲಿ ಮೊದಲ ಸಲ ಕನ್ನಡದಲ್ಲಿ ಕೂಗಿದ: “ಅತ್ತಿ, ಹೋಗಬ್ಯಾಡ!”

ಎರಡು ಮಳೆಗಾಲ ಕಳೆದ ಮೇಲೆ, ಅಪ್ಪ ಹೊಸ ಮನೆಗೆಂದು ಇನ್ನೂ ಅಲ್ಲಿ ಇಲ್ಲಿ ಓಡಾಡುತ್ತಿರುವಾಗಲೇ, ಸುದ್ದಿ ಬಂತು. ನೀರು ಸೇದುವಾಗ ಕಾಲು ಜಾರಿ ಬಾವಿಗೆ ಬಿದ್ದಳು ಎಂದರು. ಅವ್ವ ನಂಬಲಿಲ್ಲ. “ಗೋಡಿ ಆದ್ರೂ ಬಾಯಿ ಬಿಡ್ತು, ನಾವು ಇಳದು ಬಂದ್ವಿ. ಈಕಿ ಬಾಯಿ ಬಿಡ್ಲಿಲ್ಲಲ್ಲೋ,” ಎಂದು ಎದೆ ಬಡಿದುಕೊಂಡಳು. ಅಪ್ಪ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪೊಲೀಸರ ಹತ್ತಿರವೂ ಹೋಗಿ ಬಂದ. ಕಂಡವರು ಯಾರಿದ್ದಾರೆ ಎಂದು ಅವರು ಕೇಳಿದರಂತೆ. ಹೇಳಲು ಮುಂದೆ ಬಂದವರು ಯಾರೂ ಇರಲಿಲ್ಲ.

ಅಲ್ಲಿಂದ ಬಂದ ಮೇಲೆ ಒಂದು ಸಂಜೆ ಅಪ್ಪ, ಯಾರೂ ಕೇಳದೆಯೇ, ಗೋಡೆಯ ಕಡೆ ಮುಖ ಮಾಡಿ ಹೇಳಿದ. ಅತ್ತಿ ಹಿತ್ತಿಲಲ್ಲಿ ಕೋಳಿ ಸಾಕಿದ್ದಳಂತೆ. ಮೊಟ್ಟೆ ತೆಗೆದುಕೊಳ್ಳಲು ಬರುತ್ತಿದ್ದ ಓಣಿಯ ಹೆಂಗಸರಿಗೆ, ಡೊಂಬಿವಲಿಯಲ್ಲಿ ನಮ್ಮ ಅಣ್ಣನ ಮನೆ ಐತಿ, ಮೂರನೇ ಮಾಳಿಗಿ, ಕಿಡಕ್ಯಾಗ ಕುಂತ್ರ ರೈಲಿನ ಸಪ್ಪಳ ಕೇಳ್ತೈತಿ, ಹಬ್ಬಕ್ಕ ಅಣ್ಣ ಬಂದು ಕರ್ಕೊಂಡು ಹೋಗ್ತಾನ ಎಂದು ಹೇಳುತ್ತಿದ್ದಳಂತೆ. ಅವರೆಲ್ಲ ಅಪ್ಪನನ್ನು ಸುತ್ತುವರಿದು, ಅಂಥ ಮನೆ ಇಟ್ಟುಕೊಂಡು ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದರಂತೆ. ಆ ಮನೆ ಬಿದ್ದುಹೋಗಿದೆ ಎಂದು ಅವಳು ಅಲ್ಲಿ ಯಾರಿಗೂ ಹೇಳಿರಲಿಲ್ಲ.