ಕಡ್ಡಿಗೆ ಹತ್ತಿದ ಕೆಂಪು ಆಯಿಲ್

ನವಿ ಮುಂಬಯಿಯ ನೆರೂಳಿನಲ್ಲಿ ಕೇಟರಿಂಗ್ ನಡೆಸುತ್ತಿದ್ದಾಗ ನಮ್ಮಲ್ಲೊಂದು ಹಳೆಯ ಪಿಕಪ್ ಇತ್ತು. ಹೊರದೇಶದ ಗಾಡಿ, ಬಂದರಿನ ಯಾವುದೋ ಕಂಟ್ರಾಕ್ಟರು ಹರಾಜಿಗೆ ಹಾಕಿದ್ದನ್ನು ತಂದದ್ದು. ಆಟೋಮ್ಯಾಟಿಕ್. ಕ್ಲಚ್ಚೇ ಇಲ್ಲ, ಎರಡೇ ಪೆಡಲ್. ಬಿಲ್ಡಿಂಗಿನವರೆಲ್ಲ ಬಂದು ಬಗ್ಗಿ ನೋಡಿ ಹೋಗಿದ್ದರು.

ಆ ವರ್ಷ ಅದಕ್ಕೆ ಮೈಗಳ್ಳತನ ಶುರುವಾಯಿತು. ಲಿವರನ್ನು ಮುಂದೆ ಓಡುವ ‘ಡಿ’ಗೆ ಎಳೆದರೆ ಒಂದು, ಎರಡು, ಮೂರು ಎಣಿಸಿದ ಮೇಲೆ ಧಡಕ್ಕೆಂದು ಒಂದು ಕುಲುಕು, ಆಮೇಲೆ ಹೊರಡುವುದು. ಮಹಾಪೆ ದಾಟಿ ಶಿಳ್‌ಫಾಟಾದ ಏರು ಬಂತೆಂದರೆ ಎಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ಗಾಡಿ ಮಾತ್ರ ತೆವಳುತ್ತಿತ್ತು. ಡೊಂಬಿವಲಿಯ ಮದುವೆಯೊಂದಕ್ಕೆ ಸಾಂಬಾರು ತಲುಪುವಾಗ ಜನ ಮಜ್ಜಿಗೆಯವರೆಗೆ ಹೋಗಿಯಾಗಿತ್ತು.

ಡ್ರೈವರು ವಿಜಯಪುರದ ಕಡೆಯವನು, ಠಾಣೆ ಪಕ್ಕದ ಕಳವಾ ಎಂಬ ಊರಲ್ಲಿ ಸಣ್ಣ ಖೋಲಿ. ಮೊದಲು ವಾಶಿ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಬೆನ್ನು ಕೆಡಿಸಿಕೊಂಡಿದ್ದ. ಸ್ಟೇರಿಂಗ್ ಬಿಟ್ಟರೆ ಅವನಿಗೆ ಬೇರೆ ಅನ್ನವಿರಲಿಲ್ಲ. ಅದು ಗೊತ್ತಿದ್ದೂ ನನಗೆ ಅವನ ಮೇಲೆಯೇ ಸಂಶಯ ಬಂತು.

ಕಾರಣ ಗೇರ್‌ಬಾಕ್ಸಿನ ಆಯಿಲ್. ಕೆಂಪಗಿರುವ ಈ ಆಯಿಲ್ ನೋಡಲಿಕ್ಕೆ ಬೇರೆಯೇ ಕಡ್ಡಿಯಿದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಆಯಿಲ್ ನೋಡಬೇಕು ಎಂದು ಕಲಿಸಿದವರು ನನ್ನ ಅಪ್ಪ, ಟ್ಯಾಕ್ಸಿ ಓಡಿಸಿದವರು. ಹಾಗೆಯೇ ನೋಡುತ್ತಿದ್ದೆ. ಗುರುತಿನವರೆಗೆ ಭರ್ತಿ. ಗಾಡಿ ಹೀಗೆ ತೆವಳಲು ಶುರುಮಾಡಿದ ಮೇಲೆ, ಸಂಜೆ ಅವನು ಪಾತ್ರೆ ಇಳಿಸುವಾಗ ಎಂಜಿನ್ ಚಾಲೂ ಇದ್ದ ಹಾಗೆಯೇ ಕಡ್ಡಿ ಎಳೆದು ನೋಡಿದೆ. ಒಂದು ಬೆರಳು ಕಮ್ಮಿ. ಮರುದಿನ ಬೆಳಿಗ್ಗೆ ಮತ್ತೆ ಭರ್ತಿ.

ಸಂಜೆ ಇಲ್ಲ, ಬೆಳಿಗ್ಗೆ ಇದೆ. ನನ್ನ ತಲೆ ಲೆಕ್ಕ ಹಾಕಿತು: ಇವನು ಒಳ್ಳೆಯ ಆಯಿಲ್ ತೆಗೆದು ಮಾರುತ್ತಾನೆ, ನಾನು ಕೆಳಗಿಳಿಯುವ ಮೊದಲು ಯಾವುದೋ ಕಚಡಾ ತಂದು ತುಂಬಿಸುತ್ತಾನೆ.

ಅವನು ಕೀಲಿ ಕೊಟ್ಟು ಹೋದ ಮೇಲೆ ಬಾನೆಟ್ಟಿನ ಸಂದಿಗೆ ದೋಸೆ ಹಿಟ್ಟು ಬಳಿದೆ. ಒಣಗಿದರೆ ಸೀಲ್ ಇದ್ದ ಹಾಗೆ. ಗಂಡ ಬಾಲ್ಕನಿಯಿಂದ ನೋಡಿ, “ಉದ್ದು ಜಾಸ್ತಿ ಹಾಕಿದ್ದೀಯಾ? ಗರಿಗರಿ ಆಗ್ಲಿಕ್ಕಿಲ್ಲ” ಎಂದರು. ಬೆಳಿಗ್ಗೆ ಹಿಟ್ಟು ಒಂದು ಚೂರೂ ಬಿರುಕು ಬಿಟ್ಟಿರಲಿಲ್ಲ. ಆಯಿಲ್ ಭರ್ತಿ. ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ನಾನು, ಹಾಗಾದರೆ ಗಾಡಿಯ ಅಡಿಯಿಂದ ತುಂಬಿಸುತ್ತಾನೆ ಎಂದುಕೊಂಡೆ.

ಅಂದೇ ಅವನನ್ನು ನಿಲ್ಲಿಸಿ ಕೇಳಿದೆ. “ಆಯಿಲ್ ಎಲ್ಲಿಗೆ ಹೋಗ್ತದೆ ಮಾರಾಯ?”

“ನನಗೇನ್ ಗೊತ್ತ್ರಿ ಅಕ್ಕಾರ. ಗಾಡಿ ತಡಾ ಮಾಡಾಕತ್ತೈತಿ ಅಂತ ನಾನ ಹೇಳಿದ್ನೆಲ್ರಿ ನಿಮಗ.”

“ಹೇಳಿದ್ದು ನೀನೇ. ಅದಕ್ಕೇ ಡೌಟು. ನಾಳೆಯಿಂದ ಬರೋದು ಬೇಡ.”

ಅವನು ಕೀಲಿಯನ್ನು ನನ್ನ ಕೈಗೆ ಕೊಡಲಿಲ್ಲ, ಬಾನೆಟ್ ಮೇಲಿಟ್ಟ. “ಕಳವಾ ಊರಾಗ ನಮ್ಮ ಖೋಲಿ ಹಂತ್ಯಾಕ ಒಬ್ಬ ಮುದುಕ ಮಿಸ್ತ್ರಿ ಅದಾನ್ರಿ. ಗಲ್ಫ್‌ನ್ಯಾಗ ಇಂಥಾವ ಗಾಡಿ ರಿಪೇರಿ ಮಾಡ್ಯಾನ. ಅವಗ ಒಮ್ಮೆ ತೋರಸ್ರಿ. ಆಮ್ಯಾಗ ಕಳ್ಳ ಅನ್ರಿ.”

ಮಿಸ್ತ್ರಿಯೂ ಇವನ ಪಾರ್ಟ್‌ನರ್ ಇರಬೇಕು ಎನ್ನಿಸಿತು. ಇಬ್ಬರನ್ನೂ ಹಿಡಿದೇ ಬಿಡೋಣವೆಂದು ಡ್ರೈವರನ್ನೇ ಗಾಡಿಯಲ್ಲಿ ಕೂರಿಸಿಕೊಂಡು ಹೋದೆ.

ಮುದುಕ ಕಡ್ಡಿ ಮೂಸಿ ಮುಖ ಹುಳಿ ಮಾಡಿದ. ಆಯಿಲ್ ಸುಟ್ಟ ವಾಸನೆ. ಎಂಜಿನ್ ಚಾಲೂ ಮಾಡಿಸಿ, ಬ್ರೇಕ್ ಒತ್ತಿಸಿ, ಲಿವರನ್ನು ಒಂದೊಂದೇ ಗೇರಿನಲ್ಲಿ ನಿಲ್ಲಿಸಿ, ತಿರುಗಿ ಪಾರ್ಕಿಂಗ್ ಗೇರಿಗೆ ತರಿಸಿದ. ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆದ. ಒಂದು ಬೆರಳು ಕಮ್ಮಿ.

“ನೋಡಿದ್ರಾ?” ಎಂದೆ ನಾನು, ಗೆದ್ದವಳ ಹಾಗೆ.

ಅವನು ಎಂಜಿನ್ ಬಂದ್ ಮಾಡಿಸಿ, “ಚಾಯ್ ಪೀಯೋ ಮೇಡಮ್” ಎಂದ. ಚಹಾ ಮುಗಿದ ಮೇಲೆ ಅದೇ ಕಡ್ಡಿ ಎಳೆದು ನನ್ನ ಮೂಗಿನ ಮುಂದೆ ಹಿಡಿದ. ಭರ್ತಿ. ಬಾನೆಟ್ ಬಿಟ್ಟು ನಾನು ಕಣ್ಣು ಕದಲಿಸಿರಲಿಲ್ಲ. ಯಾರೂ ಹತ್ತಿರ ಹೋಗಿರಲಿಲ್ಲ.

“ಬಂದ್ ಕರ್ಕೆ ಕೌನ್ ದೇಖ್ತಾ ಹೈ?” ಎಂದ, ಎಂಜಿನ್ ನಿಲ್ಲಿಸಿ ಯಾರಾದರೂ ಇದನ್ನು ನೋಡುತ್ತಾರೆಯೇ ಎಂಬಂತೆ.

ಎಂಜಿನ್ ಓಡುವಾಗ ಪಂಪು ಆಯಿಲನ್ನು ಗೇರ್‌ಬಾಕ್ಸಿನೊಳಗೆಲ್ಲ ಹತ್ತಿಸುತ್ತದೆ, ನಿಂತಾಗ ಅದು ತಳಕ್ಕೆ ಇಳಿದು ಕಡ್ಡಿಯಲ್ಲಿ ಹೆಚ್ಚು ಕಾಣುತ್ತದೆ, ಈ ಗಾಡಿಯಲ್ಲಿ ಓಡುವಾಗ ಕಂಡದ್ದೇ ನಿಜ ಎಂದು ಅವನು ವಿವರಿಸಿದ. ಅಂದರೆ ಆಯಿಲ್ ಬಹಳ ದಿನದಿಂದ ಕಮ್ಮಿಯೇ ಇತ್ತು. ದಿನಾ ಬೆಳಿಗ್ಗೆ ಭರ್ತಿ ಎಂದು ಸರ್ಟಿಫಿಕೇಟ್ ಕೊಡುತ್ತಿದ್ದವಳು ನಾನು. ಈ ಆಯಿಲ್ ತಣಿಯಲೆಂದು ರೇಡಿಯೇಟರಿಗೆ ಹೋಗುವ ಪೈಪಿನ ಕ್ಲಿಪ್ ಸಡಿಲಾಗಿ, ಹನಿ ಹನಿಯಾಗಿ ರಸ್ತೆಗೆ ಹೋಗುತ್ತಿತ್ತು. ಮುದುಕ ಪೈಪು ಬದಲಿಸಿ ಹೊಸ ಆಯಿಲ್ ಹಾಕಿದ. ಒಳಗೆ ಸ್ವಲ್ಪ ಸವೆದಿದೆ, ಆದರೂ ಓಡುತ್ತದೆ ಎಂದ.

ವಾಪಸ್ ಬರುವಾಗ ನಾನು ಡ್ರೈವರಿನಲ್ಲಿ ಕ್ಷಮೆ ಕೇಳಲಿಲ್ಲ. “ನಾಳೆ ಕಲ್ಯಾಣದ ಆರ್ಡರ್ ಉಂಟು, ಬೇಗ ಬಾ” ಎಂದೆ, ಅಷ್ಟೇ.

ಬಂದ. ಬೆಲ್ ಒತ್ತಿದ. “ಅಕ್ಕಾರ, ಕೆಳಗ ಬರ್ರಿ. ಎಂಜಿನ್ ಚಾಲೂ ಐತಿ. ಕಡ್ಡಿ ನೋಡ್ರಿ.”

“ನೀನೇ ನೋಡು ಮಾರಾಯ.”

“ಇಲ್ರಿ. ನೀವ ನೋಡಬೇಕು.”

ಗಾಡಿ ಮಾರುವವರೆಗೂ ಹೀಗೆಯೇ. ಜ್ವರ ಬಂದ ದಿನವೂ ಸ್ವೆಟರ್ ಹಾಕಿಕೊಂಡು ಇಳಿದಿದ್ದೇನೆ. ನಾನು ನೋಡುವಷ್ಟು ಹೊತ್ತು ಅವನು ಗೇಟಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ನಾನು “ಸರಿ ಉಂಟು” ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಬಾನೆಟ್ ಮುಚ್ಚುತ್ತಿದ್ದ.